ನೇರಳೆ ದೀಪದ ಕೆಳಗೆ ಮದುಮಗನ ಗಾದಿ

ಮೊನ್ನೆ ಚನ್ನಗಿರಿಯ ಬಟ್ಟೆ ಅಂಗಡಿಯಲ್ಲಿ ಪಂಚೆ ಕೊಳ್ಳುತ್ತಿದ್ದೆ. ಅಂಗಡಿಯ ಹುಡುಗ ನನ್ನ ನೋಟು ಖೋಟಾ ಇರಬಹುದೆಂದು ನೇರಳೆ ದೀಪಕ್ಕೆ ಹಿಡಿದ. ನೋಟು ಪಾಸಾಯಿತು, ಆದರೆ ನಾನು ಉಟ್ಟಿದ್ದ ಪಂಚೆಯ ಮುಂಭಾಗ ಥಳಥಳ ಹೊಳೆಯಿತು. ತಟ್ಟನೆ ಕೊಡೆ ಅಡ್ಡ ಹಿಡಿದೆ. ಹುಡುಗ ನಕ್ಕ. ನಗಲಿ ಬಿಡಿ, ಆ ದೀಪ ಯಾರ್ಯಾರ ಮಾನ ಕಳೆದಿದೆ ಎಂದು ಅವನಿಗೇನು ಗೊತ್ತು?

ಆ ದೀಪ ನಾನು ಮೊದಲು ಕಂಡದ್ದು ಹರೆಯದಲ್ಲಿ, ಯುದ್ಧದ ಕಾಲದಲ್ಲಿ. ಹೊನ್ನಾಳಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದೆ. ಮದುವೆ ಮನೆಗಳಿಗೆ ಬಾಡಿಗೆಗೂ ಕೊಡುತ್ತಿದ್ದೆ. (ಗಾದಿ ಕೊಳ್ಳುವಾಗ ಅದರ ಮೇಲೆ ಕೂತು ನೋಡಬೇಡಿ. ಮೂಲೆಯ ಹೊಲಿಗೆ ಬಿಚ್ಚಿಸಿ ಅರಳೆ ನೋಡಿ. ಅಂಗಡಿಯವನು ಮುನಿಸಿಕೊಂಡರೆ ಎದ್ದು ಬನ್ನಿ.) ಅರಳೆಗೆಂದು ಜಗಳೂರು ಕಡೆ ಹೋದಾಗ ಸೊಕ್ಕೆಯ ಬಸವರಾಜನನ್ನು ಕಂಡು, ನಮ್ಮೂರ ಗೌರಮ್ಮನಿಗೆ ಒಳ್ಳೆಯ ಗಂಡು ಎಂದು ಹೇಳಿದವನೂ ನಾನೇ.

ಗಂಡಿನ ಕಡೆಯವರು ಬಂದಿಳಿದರು. ಹೊಳೆ ದಂಡೆಯ ಊರು, ಚಳಿಜ್ವರ ತಗುಲೀತೆಂದು ಗೌರಮ್ಮನ ಅಜ್ಜಿ ಎಲ್ಲರಿಗೂ ಒಂದೊಂದು ಲೋಟ ಕ್ವಿನೈನ್ ನೀರು ಕುಡಿಸಿದರು. ಬೆಳಗಾದರೆ ಬಸವರಾಜ ಮಲಗಿದ್ದ ನನ್ನ ಗಾದಿಯ ಮೇಲೆ ತಟ್ಟೆಯಗಲ ಕಲೆ! ಮದುವೆ ಇದ್ದದ್ದು ಮರುದಿನ.

ಹುಡುಗಿಯ ಸೋದರಮಾವ ಸಿದ್ದಪ್ಪ ಅಂಗಳದಲ್ಲೇ ಕೂಗಾಡಿದ: "ಹಾಸಿಗ್ಯಾಗೆ ಉಚ್ಚೆ ಹೊಯ್ಯೋನಿಗೆ ನಮ್ಮ ಹುಡುಗೀನ ಕೊಡಾಕೆ ಆಗಲ್ಲ! ಏನ್ರೀ ಸಾಬ್ರೆ, ಎಲ್ಲಿಂದ ಹುಡುಕಿ ತಂದ್ರಿ ಇವನ್ನ?"

ಬಸವರಾಜ ನೆಲ ನೋಡುತ್ತಾ ನಿಂತ. ನಡುನಡುವೆ ಅಜ್ಜಿಯತ್ತ ಕಳ್ಳನೋಟ ಬೀರಿದ. ಮದುವೆಯೂ ಹೋಗುವಂತಿತ್ತು, ನನ್ನ ಗಾದಿಯ ಹೆಸರೂ ಹೋಗುವಂತಿತ್ತು.

ವ್ಯಾಪಾರ ಕಗ್ಗಂಟಾದಾಗ ಮೂರನೆಯವರನ್ನು ಕರೆಯಬೇಕು, ನೆನಪಿಡಿ. ನಾನು ಪೊಲೀಸ್ ಇನ್ಸ್‌ಪೆಕ್ಟರನ್ನು ಕರೆದೆ. ಅವರು ಪಟ್ಟಣಕ್ಕೆ ಹೋಗಿ ಕಲೆ ಪತ್ತೆ ಮಾಡುವ ಹೊಸ ವಿದ್ಯೆ ಕಲಿತು ಒಂದು ನೇರಳೆ ದೀಪ ತಂದಿದ್ದರು. ಊರಲ್ಲಿ ಒಂದು ಕೊಲೆಯೂ ಆಗಲೊಲ್ಲದಲ್ಲ ಎಂದು ಕೊರಗುತ್ತಿದ್ದರು ಪಾಪ. ಕರೆಂಟು ಇದ್ದದ್ದು ಅಕ್ಕಿ ಗಿರಣಿಯಲ್ಲಿ ಮಾತ್ರ. ಗಾದಿ ಹೊತ್ತು ಅಲ್ಲಿಗೆ ನಡೆದೆವು. ಹಿಂದೆ ಅರ್ಧ ಊರು.

ಕತ್ತಲಾಗಲೆಂದು ಗಿರಣಿಯ ಗೋದಾಮಿನ ಬಾಗಿಲು ಹಾಕಿದರು. "ಇದ್ರ ಬೆಳಕಿಗೆ ರಕ್ತ ಕಪ್ಪಾಗ್ತೈತೆ. ಉಗುಳು, ಬೆವರು, ಮೂತ್ರ ಹೊಳೀತಾವೆ," ಎಂದು ಇನ್ಸ್‌ಪೆಕ್ಟರು ದೀಪ ಹಿಡಿದರು. ಕಲೆ ಭಗ್ಗನೆ ಆಕಾಶ ನೀಲಿಯಾಗಿ ಉರಿಯಿತು. "ಮೂತ್ರ!" ಎಂದರು, ಗಲ್ಲು ಶಿಕ್ಷೆ ಕೊಟ್ಟವರಂತೆ.

"ನಾನ್ ಹೇಳ್ಲಿಲ್ವಾ?" ಎಂದು ಸಿದ್ದಪ್ಪ ಮುಂದೆ ಬಂದ. ಅವನ ಪಂಚೆಯೂ ಹೊಳೆಯಿತು. ಮುಂಭಾಗದಲ್ಲಿ, ಹಳದಿಯಾಗಿ, ಮಂಕಾಗಿ.

"ಅದು ಹಾಲು ಕಣ್ರೀ!" ಎಂದು ಕಿರುಚಿದ. ಯಾರೂ ಕೇಳಿರಲಿಲ್ಲ.

ಎರಡು ಅರಳೆ ಪಕ್ಕಪಕ್ಕ ಇಟ್ಟು ನೋಡಿ ಬದುಕಿದವನು ನಾನು. ಒಂದು ನೀಲಿ, ಒಂದು ಹಳದಿ, ಮಾಲು ಬೇರೆ. ದೀಪ ಇಲ್ಲೇನೋ ಇದೆ ಎನ್ನುತ್ತದೆ, ಏನೆಂದು ಹೇಳುವುದಿಲ್ಲ. ಬೆರಳು ಒದ್ದೆ ಮಾಡಿ ಕಲೆಗೆ ಒತ್ತಿ, ನಾಲಿಗೆಗಿಟ್ಟೆ.

"ಥೂ! ಕಹಿ! ಕ್ವಿನೈನ್ ಇದು!"

"ಉಚ್ಚೆ ಕಹಿ ಇರಲ್ಲ ಅಂತ ನಿಮಗೆ ಹೆಂಗೆ ಗೊತ್ತು ಸಾಬ್ರೆ?" ಎಂದ ಸಿದ್ದಪ್ಪ.

ಗೋದಾಮಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಬೆರಳು ಒರೆಸಿಕೊಳ್ಳತೊಡಗಿದೆ.

ಕಾಪಾಡಿದ್ದು ಅಜ್ಜಿ. ಮನೆಯಿಂದ ಬಾಟಲಿ ತರಿಸಿ ಕಲೆಯ ಪಕ್ಕ ನಾಲ್ಕು ಹನಿ ಚೆಲ್ಲಿದರು. ದೀಪ ಹಿಡಿದರೆ ಅದೇ ನೀಲಿ!

ಆಗ ಬಸವರಾಜ ಬಾಯಿ ಬಿಟ್ಟ: "ಅಜ್ಜಿ ಪ್ರೀತಿಲಿ ಕೊಟ್ರು, ಬ್ಯಾಡ ಅನ್ನಾಕೆ ಆಗ್ಲಿಲ್ಲ. ಗಂಟಲಾಗೆ ಇಳೀಲಿಲ್ಲ, ಗಾದಿ ಮ್ಯಾಲೆ ಉಗುಳಿಬಿಟ್ಟೆ."

"ನನ್ನ ಔಷಧಿ ಉಗುಳಿದ್ಯಾ? ತಗಾ, ಇನ್ನೊಂದು ಲೋಟ!" ಎಂದರು ಅಜ್ಜಿ. ಎಲ್ಲರ ಎದುರು, ಕಣ್ಣಲ್ಲಿ ನೀರು ಹಾಕಿಕೊಂಡು ಕುಡಿದ. ಬಾಗಿಲ ಸಂದಿಯಿಂದ ಗೌರಮ್ಮ ಕಿಸಕ್ಕನೆ ನಕ್ಕಳು. ಮದುವೆ ನಡೆಯಿತು. ಸಿದ್ದಪ್ಪ ಊಟದ ಪಂಕ್ತಿಯಲ್ಲೂ ತೊಡೆಯ ಮೇಲಿನ ಟವಲ್ ತೆಗೆಯಲಿಲ್ಲ.

ಇದೆಲ್ಲ ನೆನಪಾಗಿ, ಅಂಗಡಿಯಲ್ಲಿ ನನಗೇ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ನಾನೇಕೆ ಸಿದ್ದಪ್ಪನಾಗಬೇಕು?

"ಏನಜ್ಜಾ ಅದು, ಹೊಳೀತಿರೋದು?" ಎಂದ ಹುಡುಗ.

ಕೊಡೆ ಪಕ್ಕಕ್ಕಿಟ್ಟು ದೀಪಕ್ಕೆ ಇನ್ನಷ್ಟು ಹತ್ತಿರ ಸರಿದೆ. "ಸೋಪಿನ ಪುಡಿ ಕಣೋ. ನಂಬಿಕೆ ಇಲ್ದಿದ್ರೆ ನೆಕ್ಕಿ ನೋಡು."

ಹುಡುಗ ದೀಪ ಆರಿಸಿ, ನಾನು ಕೇಳುವ ಮೊದಲೇ ಹೊಸ ಪಂಚೆಯ ಬೆಲೆ ಇಳಿಸಿದ.