ಎರಡನೇ ಬ್ಯಾಚಿನ ದೂರು ಪೆಟ್ಟಿಗೆ

ಲ್ಯಾಬ್ ಮೇಷ್ಟ್ರು ಹುಟ್ಟಿದ್ದೇ ಡಾಕ್ಟರು ಹೇಳಿದ ದಿನ, ಹೇಳಿದ ಗಂಟೆಗೆ. ಅಂದಿನಿಂದ ಇಂದಿನವರೆಗೆ ಯಾವ ಕೆಲಸಕ್ಕೂ ಒಂದು ನಿಮಿಷ ತಡಮಾಡಿದವರಲ್ಲ. ಗೋಡೆ ಗಡಿಯಾರಕ್ಕೆ ತನ್ನ ಮೇಲೇ ಅನುಮಾನ ಬಂದರೆ ಮೇಷ್ಟ್ರ ಮುಖ ನೋಡಿ ಮುಳ್ಳು ಸರಿಮಾಡಿಕೊಳ್ಳುತ್ತದೆ. ಇದನ್ನೆಲ್ಲ ಪ್ರತಿವರ್ಷ ಹೊಸ ಬ್ಯಾಚಿಗೆ ಹೇಳುತ್ತಿದ್ದವರು ಮೇಷ್ಟ್ರೇ. "ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸೋದು ಹೇಗೆ ಅಂತ ಲೋಕಕ್ಕೇ ಕಲಿಸೋ ಸಾಫ್ಟ್‌ವೇರ್ ಮಾಡ್ತೀವಿ ನಾವು" ಎಂಬುದು ಆ ಭಾಷಣದ ಕೊನೆಯ ಸಾಲು.

ಆ ಸಾಫ್ಟ್‌ವೇರ್ ಏಳು ವರ್ಷದಿಂದ ಮುಗಿದಿರಲಿಲ್ಲ.

ಯೋಚನೆಯೇನೋ ಚೆನ್ನಾಗಿಯೇ ಇತ್ತು. ಒಂದು ಕೆಲಸವನ್ನು ತುಂಡುತುಂಡು ಮಾಡಿ, ಯಾವ ತುಂಡು ಯಾರ ಕೈಲಿದೆ, ಎಲ್ಲಿ ಸಿಕ್ಕಿಬಿದ್ದಿದೆ, ಎಷ್ಟು ದಿನ ತಡವಾಗಿದೆ ಎಂದು ಪರದೆಯ ಮೇಲೆ ಚೀಟಿ ಅಂಟಿಸಿದಂತೆ ತೋರಿಸುವುದು. ಓಪನ್ ಸೋರ್ಸ್ ಬೇರೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಳಗಿನ ಕೋಡು ಬಿಚ್ಚಿ ನೋಡಿ ತಿದ್ದಬಹುದು. ಆದರೆ ಬರೆಯುವವರು ಕೊನೆಯ ವರ್ಷದ ವಿದ್ಯಾರ್ಥಿಗಳು. ಪ್ರತಿ ಬ್ಯಾಚೂ ಹಿಂದಿನವರ ಕೋಡನ್ನು ಅರ್ಧ ಗಂಟೆ ನೋಡಿ, ಮೂಗು ಮುರಿದು, "ಸಾರ್, ಇದು ಬರೀ ಕಸ. ಮೊದಲಿಂದ ಬರೀತೀವಿ" ಎನ್ನುತ್ತಿತ್ತು. ಮೊದಲಿಂದ ಎಂದರೆ ಲಾಗಿನ್ ಪುಟದಿಂದ. ಅದರ ಬಣ್ಣ ನೀಲಿಯೋ ಹಸಿರೋ ಎಂದು ತೀರ್ಮಾನವಾಗುವ ಹೊತ್ತಿಗೆ ಪರೀಕ್ಷೆ ಬಂದಿರುತ್ತಿತ್ತು. ಎರಡನೇ ಬ್ಯಾಚಿನವರು ಮಾತ್ರ ಬಣ್ಣದ ಜಗಳಕ್ಕೆ ಬೇಸತ್ತು ಒಳಗೂ ಒಂದಿಷ್ಟು ಕಟ್ಟಿದ್ದರು. ಮಿಕ್ಕವರದ್ದೆಲ್ಲ ಬಾಗಿಲೇ ಬಾಗಿಲು, ಹಿಂದೆ ಮನೆಯಿಲ್ಲ.

ಎಂಟನೇ ಬ್ಯಾಚಿನ ಹೊತ್ತಿಗೆ ಹೊಸ ಪ್ರಿನ್ಸಿಪಾಲರು ಬಂದರು. ಲ್ಯಾಬಿಗೆ ಕಾಲಿಟ್ಟು, ಹನ್ನೆರಡು ಕಂಪ್ಯೂಟರ್‌ಗಳನ್ನೂ ವಿಮಾನ ಇಳಿಯುವ ಸದ್ದು ಮಾಡುತ್ತಿದ್ದ ಫ್ಯಾನನ್ನೂ ನೋಡಿದರು.

"ಮೇಷ್ಟ್ರೆ, ಕಾಲೇಜಿನ ಹೊರಗೆ ಒಬ್ಬರಾದರೂ ನಿಮ್ಮ ಸಾಫ್ಟ್‌ವೇರ್ ಬಳಸ್ತಿದ್ದಾರಾ? ತಿಂಗಳ ಕೊನೇಲಿ ಬಂದು ನೋಡ್ತೀನಿ. ಇಲ್ಲಾಂದ್ರೆ ಹಳೇ ಬೆಂಚು ಇಡೋಕೆ ಈ ರೂಮು ಬೇಕು."

"ಹಾಗೇ ಆ ಫ್ಯಾನಿನ ಅರ್ಜಿ ಕೊಟ್ಟು ನಾಲ್ಕು ತಿಂಗಳಾಯ್ತು ಸಾರ್..."

"ನೋಡೋಣ" ಎಂದು ಪ್ರಿನ್ಸಿಪಾಲರು ಹೋದರು.

ಲ್ಯಾಬ್ ಹೋದರೆ ಮೇಷ್ಟ್ರಿಗೆ ಉಳಿಯುವುದು ಬೋರ್ಡು, ಸೀಮೆಸುಣ್ಣ ಮತ್ತು ಆ ಭಾಷಣ. ತಂಡದ ಮುಂದಾಳು, ಎಲ್ಲರೂ 'ದೊರೆ' ಎಂದು ಕರೆಯುವ ಹುಡುಗ, "ಇಪ್ಪತ್ತು ದಿನ ಇದೆಯಲ್ಲ ಸಾರ್, ಮೊದಲಿಂದ ಬರೆದುಬಿಡೋಣ" ಎಂದ. ಕನ್ನಡಕದ ಹುಡುಗಿ ಮಾತ್ರ ಹಳೆಯ ಕೋಡು ಕೆದಕುತ್ತಾ ಕೂತಿದ್ದವಳು ಕತ್ತೆತ್ತಿದಳು.

"ಸಾರ್, ಬಳಸೋರು ತೊಂದರೆ ಬರೆದು ಕಳಿಸೋಕೆ ಎರಡನೇ ಬ್ಯಾಚಿನವರು ಸಾಫ್ಟ್‌ವೇರಲ್ಲೇ ಒಂದು ದೂರು ಪೆಟ್ಟಿಗೆ ಇಟ್ಟಿದ್ದಾರೆ, ಅದರಲ್ಲಿ ನಲವತ್ತೊಂದು ದೂರು ಬಿದ್ದಿವೆ. ಎಲ್ಲಾ ಒಬ್ಬರದೇ, 'ಕತ್ತರಿ' ಅನ್ನೋರದ್ದು. ಕೊನೇದು ಹೋದ ವಾರ."

ಐದು ವರ್ಷದಿಂದ ಯಾರೂ ತೆರೆಯದ ಪೆಟ್ಟಿಗೆ. ಹದಿನೇಳನೇ ದೂರು ಹೀಗಿತ್ತು: 'ಅಂಗಡಿಯಲ್ಲಿ ಇರುವವಳು ನಾನೊಬ್ಬಳೇ. ನಾನೇ ನಾನು ಅಂತ ದಿನಾ ಯಾಕೆ ಸಾಬೀತು ಮಾಡಬೇಕು? ಲಾಗಿನ್ ತೆಗೆದುಹಾಕಿ.' ದೊರೆಯ ಮುಖ ಬಾಡಿತು. ಮೂವತ್ತನೆಯದನ್ನು ಓದುವಾಗ ಮೇಷ್ಟ್ರ ಮುಖವೂ ಬಾಡಿತು: 'ಇದನ್ನು ಮಾಡಿಸಿದ ಮೇಷ್ಟ್ರು ಭಾನುವಾರ ನಮ್ಮ ಮನೆಗೇ ಊಟಕ್ಕೆ ಬರುತ್ತಾನೆ. ಕೇಳಿದರೆ ಆಮೇಲೆ ನೋಡೋಣ ಅಕ್ಕ ಅನ್ನುತ್ತಾನೆ.'

ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಮೇಷ್ಟ್ರು ಬಳಕೆದಾರರನ್ನು ಭೂಮಂಡಲವೆಲ್ಲ ಹುಡುಕುತ್ತಿದ್ದರು. ಒಬ್ಬಳು ಎರಡು ಬೀದಿ ಆಚೆ ಹೊಲಿಗೆ ಅಂಗಡಿಯಲ್ಲಿ ಕೂತಿದ್ದಳು. ಸಂಜೆಯೇ ತಂಡವನ್ನು ಕಟ್ಟಿಕೊಂಡು ಅಲ್ಲಿಗೆ ಹೋದರು.

"ನಿನ್ನ ಹಳೇ ಶಿಷ್ಯನೊಬ್ಬ ಆಗ ಪ್ಯಾಂಟು ಹೊಲಿಸೋಕೆ ಬಂದಿದ್ದ," ಎಂದಳು ಅಕ್ಕ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ತಡ ಆಯ್ತು ಅಂತ ಜಗಳ ಆಡೋ ಬದಲು ಇದನ್ನ ಹಾಕಿಕೊಟ್ಟು ಹೋದ. ನಿನಗೆ ಹತ್ತು ಸಲ ಹೇಳಿದೀನಿ. ನಿನ್ನ ಕಿವಿ ತಟ್ಟೇಲಿತ್ತು."

ಪರದೆಯ ಮೇಲೆ ಸಾಲಾಗಿ ಅಳತೆ, ಕತ್ತರಿ, ಹೊಲಿಗೆ, ಟ್ರಯಲ್, ಕೊಟ್ಟಿದ್ದು. ಎಲ್ಲ ಚೀಟಿಗಳೂ ಬಿಳಿ; ಟ್ರಯಲ್ ಸಾಲಿನ ನೆತ್ತಿಯಲ್ಲಿ ಒಂದು ಮಾತ್ರ ಕೆಂಪು. 'ತಮ್ಮ. ಕೋಟು. ಟ್ರಯಲ್‌ಗೆ ಬರಬೇಕು. ತಡ: 1,127 ದಿನ.' ಸಾಫ್ಟ್‌ವೇರ್ ಬಿಡುಗಡೆಯ ದಿನ ಹಾಕಿಕೊಳ್ಳಲೆಂದು ಮೇಷ್ಟ್ರು ಅಳತೆ ಕೊಟ್ಟು ಮರೆತ ಕೋಟು.

ದೊರೆ ಮೆಲ್ಲಗೆ ಕೇಳಿದ. "ಸಾರ್, ಪ್ರಿನ್ಸಿಪಾಲರು ಬರೋ ಮುಂಚೆ ಇದೊಂದನ್ನ ಅಳಿಸಿಬಿಡ್ಲಾ?"

ಮೇಷ್ಟ್ರು ಬೇಡ ಎನ್ನಲು ಕೊಂಚ ತಡಮಾಡಿದರು. ಅಕ್ಕ ಕತ್ತರಿ ಎತ್ತಿದಳು. "ಮುಟ್ಟಿ ನೋಡು. ಕೋಟು ಹೋಗೋವರೆಗೆ ಚೀಟಿ ಹೋಗಲ್ಲ."

ಆ ವರ್ಷ ಯಾರೂ ಮೊದಲಿಂದ ಬರೆಯಲಿಲ್ಲ. ನಲವತ್ತೊಂದರಲ್ಲಿ ಒಂಬತ್ತು ದೂರು ಆರಿಸಿ, ಅದೇ ಹಳೆಯ ಸಾಫ್ಟ್‌ವೇರಿನಲ್ಲಿ ತಮ್ಮದೇ ಚೀಟಿಗಳನ್ನು ಅಂಟಿಸಿಕೊಂಡು ಕೂತರು. ಹಳೇ ಕೋಡಿನಲ್ಲಿ ಕನ್ನಡಕದ ಹುಡುಗಿ ದಾರಿ ತೋರಿಸಿದಳು. ಲಾಗಿನ್ ಪುಟ ಕಿತ್ತುಹಾಕುವ ಕೆಲಸ ದೊರೆಯ ಪಾಲಿಗೆ ಬಂತು. ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಎರಡು ದಿನ ಸಪ್ಪಗಿದ್ದ. ಒಂಬತ್ತನೆಯ ಚೀಟಿ ತಿಂಗಳ ಕೊನೆಗೆ ಎರಡು ದಿನ ಮುಂಚೆಯೇ ಕೊನೆಯ ಸಾಲಿಗೆ ಸರಿಯಿತು. ಆ ಲ್ಯಾಬಿನ ಚರಿತ್ರೆಯಲ್ಲಿ ಹೇಳಿದ ದಿನಕ್ಕೆ ಮುಗಿದ ಮೊದಲ ಕೆಲಸ ಅದು.

ತಿಂಗಳ ಕೊನೆಗೆ ಪ್ರಿನ್ಸಿಪಾಲರು ಬಳಸುವವರನ್ನೇ ನೋಡಲು ಅಂಗಡಿಗೆ ಬಂದಾಗ ಮೇಷ್ಟ್ರು ಕನ್ನಡಿಯ ಮುಂದೆ ಒಂದೇ ತೋಳು ತೂರಿಸಿದ ಕೋಟಿನಲ್ಲಿ, ಮೈತುಂಬ ಪಿನ್ನು ಚುಚ್ಚಿಸಿಕೊಂಡು ನಿಂತಿದ್ದರು. ಅಲುಗಾಡುವಂತಿರಲಿಲ್ಲ. ಅಕ್ಕ ಚೀಟಿಗಳನ್ನು ಸರಿಸಿ ತೋರಿಸಿದಳು. ಪ್ರಿನ್ಸಿಪಾಲರು ಸುಮಾರು ಹೊತ್ತು ನೋಡಿ, ಕೆಂಪು ಚೀಟಿಯ ಮೇಲೆ ಬೆರಳಿಟ್ಟರು.

"ಸರಿ, ಬೆಂಚಿಗೆ ಬೇರೆ ಜಾಗ ನೋಡ್ತೀನಿ. ಆದರೂ ಮೇಷ್ಟ್ರೆ, ಬಳಸೋರು ಒಬ್ಬರೇ, ಅದೂ ನಿಮ್ಮಕ್ಕ. ತಡ ಮಾಡಿದೋರೂ ಒಬ್ಬರೇ, ಅದೂ ನೀವೇ."

"ಮಾಡಿಸಿದವನನ್ನೇ ಬಿಟ್ಟಿಲ್ಲ ನೋಡಿ ಸಾರ್," ಎಂದರು ಮೇಷ್ಟ್ರು ಕತ್ತು ತಿರುಗಿಸದೆ. "ನಾಳೆ ನಿಮ್ಮ ಮೇಜಿಗೂ ಹಾಕಿಕೊಡ್ತೀವಿ. ಮೊದಲನೇ ಚೀಟಿ ಲ್ಯಾಬಿನ ಫ್ಯಾನು."