ನೂರಾ ಹನ್ನೆರಡು ಶೂ

ಕೋಚ್ ಅವರ ಎಡಗಾಲಿನ ಹಿಮ್ಮಡಿ ಒಳಕ್ಕೆ ಸೊಟ್ಟಗಾಗಿತ್ತು. ರಷ್ಯಾದವರು ತೆಗೆದುಕೊಳ್ಳುವ ಉದ್ದೀಪನ ಮದ್ದಿನ ಫಲ ಅದು ಎಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಅಥ್ಲೆಟಿಕ್ಸ್ ಕ್ಲಬ್ಬಿನ ಪೋಷಕರು ಪಿಸುಗುಡುತ್ತಿದ್ದರು. ಯಾವ ಮದ್ದು ಒಂದೇ ಹಿಮ್ಮಡಿಯನ್ನು ಹುಡುಕಿಕೊಂಡು ಹೋಗುತ್ತದೆ? ಹದಿನಾರನೇ ವಯಸ್ಸಿನಿಂದ ಟ್ರಿಪಲ್ ಜಂಪ್ ಮಾಡಿ, ಎರಡು ಸಲ ಮುರಿದು, ಕೂಡಿಕೊಳ್ಳುವ ಮೊದಲೇ ಮತ್ತೆ ಓಡಿದ ಕಾಲು ಅದು. ಹಾಗೆಂದು ಅವರೇ ಹೇಳಿದ್ದು. ಬೇರೆ ಪುರಾವೆ ನನ್ನ ಬಳಿಯೂ ಇಲ್ಲ.

ನನ್ನ ಕೋಚ್ ಒಂದು ಕಾಲಕ್ಕೆ ರಷ್ಯಾದ ತಂಡದ ಪರ ಜಿಗಿದವರು. ದೊಡ್ಡ ಕೂಟಗಳಲ್ಲೆಲ್ಲ ನಾಲ್ಕನೇ ಸ್ಥಾನ. ಇಲ್ಲಿ ಹಗಲು ಆಸ್ಪತ್ರೆಯ ಲಾಂಡ್ರಿ, ಸಂಜೆ ನಮಗೆ ತರಬೇತಿ. ಅದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವ್ವ ಅವರಿಗೆ "ಊಟ ಆತೇನ?" ಎಂದು ಕನ್ನಡದಲ್ಲಿ ಕೇಳುವುದನ್ನು ಕಲಿಸಿದ್ದಳು. ಆಗಿಲ್ಲ ಅಂದರೆ ಅವರ ಬ್ಯಾಗಿನಿಂದ ಬೇಯಿಸಿದ ಮೊಟ್ಟೆ ಬರುತ್ತಿತ್ತು. ನಾವು ಲಿಂಗಾಯತರು, ಮೊಟ್ಟೆ ತಿನ್ನುವುದಿಲ್ಲ ಎಂದು ಅರ್ಧ ಗಂಟೆ ವಾದಿಸಿದೆ. ಮರುದಿನದಿಂದ ಬೇಯಿಸಿದ ಆಲೂಗಡ್ಡೆ.

ಟ್ರಿಪಲ್ ಜಂಪ್‌ನಲ್ಲಿ ಓಟ ಎಲ್ಲಿಂದ ಶುರುವಾಗಬೇಕೆಂದು ಅಳೆದು ಗುರುತು ಹಾಕಿಕೊಳ್ಳಬೇಕು. ಬೇರೆಯವರು ಟೇಪ್ ಹಿಡಿಯುತ್ತಿದ್ದರು. ಕೋಚ್ ಒಂದು ಶೂವಿನ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಡೆದು ಅಳೆಯುತ್ತಿದ್ದರು. ನನ್ನ ಓಟ ನೂರಾ ಹನ್ನೆರಡು ಶೂ.

"ಟೇಪಿಗೆ ಏನಾಗಿದೆ?" ಎಂದೆ.

"ಟೇಪ್ ನಿನ್ನ ಮುಖ ನೋಡಲ್ಲ," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ಸುಸ್ತಾಗಿದೀಯ. ಇವತ್ತು ನೂರಾ ಹತ್ತು ಸಾಕು."

ಮದ್ದಿನ ಹಗರಣದಿಂದಾಗಿ ರಷ್ಯಾದ ಅಥ್ಲೀಟುಗಳನ್ನು ಒಲಿಂಪಿಕ್ಸ್‌ನಿಂದ ಹೊರಗಿಟ್ಟ ಬೇಸಿಗೆಯಲ್ಲಿ, ಇವರನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸಲು ಕ್ಲಬ್ ಸಭೆ ಕರೆಯಿತು. ಮನೆಯಲ್ಲಿ ಅವ್ವ ಸಿಡಿದಳು: "ಮೋಸಾ ಮಾಡಿ ಯಾರರೆ ನಾಕನೇ ನಂಬರ್ ಬರ್ತಾರೇನ?"

"ಯಾಕ್ ಬರಬಾರ್ದು? ಮುಂದಿನ ಮೂರೂ ಮಂದಿ ಮೋಸಾ ಮಾಡಿದ್ರ?"

"ನಿನ್ನ ನಾಲಿಗಿಗೆ ಬ್ರೇಕ್ ಇಲ್ಲ ನೋಡು."

ಸಭೆಯಲ್ಲಿ ತಮ್ಮ ಪರವಾಗಿ ಮಾತಾಡಲು ಕೋಚ್ ನನ್ನನ್ನೇ ಕೇಳಿದ್ದರು. ಶಾಲೆಯ ಡಿಬೇಟ್ ತಂಡದ ನಾಯಕಿ ನಾನು. "ನೋಡಿದ್ದನ್ನಷ್ಟೇ ಹೇಳು. ಈ ಕೆಲಸ ಹೋದ್ರೆ ನನಗೆ ಲಾಂಡ್ರಿ ಮಾತ್ರ," ಎಂದರು.

ಹೇಳಿದೆ. ಶೂ ಅಳತೆ, ಆಲೂಗಡ್ಡೆ, ಎಲ್ಲ. ಸಭೆ ಮೆತ್ತಗಾಗುತ್ತಿತ್ತು. ಆಗ ಹಿಂದಿನ ಸಾಲಿನ ತಂದೆಯೊಬ್ಬರು ನಮ್ಮ ಪರವಾಗಿಯೇ, ಅವ್ವ ಕೇಳಿದ್ದನ್ನೇ ಕೇಳಿದರು: ಮೋಸ ಮಾಡಿ ನಾಲ್ಕನೆಯವರಾಗುತ್ತಾರೆಯೇ?

ಸುಮ್ಮನಿರಬಹುದಿತ್ತು. ಆದರೆ ದುರ್ಬಲ ವಾದ ನಮ್ಮದೇ ಪಕ್ಷದ್ದಾದರೂ ಬಿಡಬಾರದೆಂದು ಕಲಿತವಳು ನಾನು. "ಮೊದಲ ಮೂವರೂ ಮೋಸ ಮಾಡಿದ್ದರೆ ಆಗಬಹುದು," ಎಂದೆ. ಇಡೀ ಸಭೆ ನಕ್ಕಿತು. ಆಮೇಲೆ ಕೈ ಎತ್ತಿಸಿದರು. ಅವರ ಪರವಾಗಿ ಎದ್ದ ಕೈಗಳು ನಾಲ್ಕು. ಅದರಲ್ಲಿ ಒಂದು ಅವ್ವನದು.

ಮುಂದಿನ ವಾರ ಹೊಸ ಕೋಚ್ ಟೇಪ್ ಹಿಡಿದು ಬಂದರು. ಅದೆಷ್ಟು ಸಲ ಅಳೆದರೂ ಜಿಗಿಯುವ ಹಲಗೆಗೆ ನನ್ನ ಕಾಲು ಸರಿಯಾಗಿ ಬೀಳಲೇ ಇಲ್ಲ. ಚಳಿಗಾಲದ ಹೊತ್ತಿಗೆ ಜಿಗಿಯುವುದನ್ನೇ ಬಿಟ್ಟೆ. ಹಳೆಯ ಕೋಚನ್ನು ಹೋಗಿ ನೋಡಲಿಲ್ಲ. ಪರೀಕ್ಷೆ ಇತ್ತು ಎಂದು ಹೇಳಿಕೊಂಡಿದ್ದೇನೆ. ಅದೂ ದುರ್ಬಲ ವಾದವೇ.

ಎರಡು ವರ್ಷದ ಮೇಲೆ ಅದೇ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ವಾರ ಅವ್ವ ವಾರ್ಡಿಗೆ ಹೋದಾಗ ನನ್ನ ಬಗ್ಗೆ ಕೇಳಿದ್ದು ಇಷ್ಟೇ: "ಈಗ ಎಷ್ಟು ಶೂ?" ನಾನು ಬಿಟ್ಟಿದ್ದೇನೆಂದು ಹೇಳಲು ಅವ್ವನಿಗೆ ಬಾಯಿ ಬರಲಿಲ್ಲವಂತೆ. ನೂರಾ ಹದಿನೈದು ಅಂದಳಂತೆ.

ಕೋಚ್, ಆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವರು ನೀವು. ಉತ್ತರ ಚೆನ್ನಾಗಿತ್ತೆಂದು ನಕ್ಕಿರೋ, ಏನು ಮಾಡಿಬಿಟ್ಟೆನೆಂದು ನನಗೆ ಆ ಕ್ಷಣವೇ ಗೊತ್ತಾಗದಿರಲಿ ಎಂದು ನಕ್ಕಿರೋ?