ಮಾಳಿಗೆಯ ಮೇಲಿಂದ ಹೊಗೆ ಅಳೆದ ದಿನ

ಜೋಳವನ್ನು ಸೇರಿನಲ್ಲಿ ಅಳೆಯುತ್ತಾರೆ, ಬಟ್ಟೆಯನ್ನು ಗಜದಲ್ಲಿ, ಹೊಲವನ್ನು ಸರಪಳಿಯಲ್ಲಿ. ಹೊಗೆಯನ್ನೂ ಅಳೆಯುತ್ತಾರೆಂದು ನನಗೆ ಗೊತ್ತಾದದ್ದು ರೋಣದಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ, ಅದೂ ನಮ್ಮದೇ ಮಾಳಿಗೆಯ ಮೇಲೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಮುಂಬೈ ಸರಕಾರದ ಕೆಳಗೇ ಇದ್ದೆವು. ಈಗ ನನಗೇ ಸೊಸೆ ಹುಡುಕುವ ವಯಸ್ಸು. ಆದರೂ ಆ ದಿನ ನೆನಪಾದರೆ ಎದೆ ಒಂದಿಷ್ಟು ಹಾರುತ್ತದೆ. ನನ್ನ ಎದೆ ಹಾರುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ಬಿಡಿ. ಹಾಲು ಉಕ್ಕಿದರೆ ಎಲ್ಲರೂ ಚಿಂತೆ ಮಾಡುತ್ತಾರೆ. ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲವೆಂದು ಚಿಂತೆ ಮಾಡುವವಳು ನಾನು.

ನಮ್ಮ ಮನೆಯ ಹಿಂದೆ ಎರಡು ಓಣಿ ದಾಟಿದರೆ ಹತ್ತಿಯ ಜಿನ್ನು. ಅಬ್ಬಿಗೇರಿ, ಮುಶಿಗೇರಿ ಕಡೆಯಿಂದ ಬಂಡಿಗಳಲ್ಲಿ ಬಂದ ಹತ್ತಿಯಿಂದ ಅಲ್ಲಿ ಕಾಳು ಬೇರೆ, ಅರಳೆ ಬೇರೆ ಮಾಡುತ್ತಿದ್ದರು. ಯಂತ್ರಗಳೆಲ್ಲ ಉಗಿಯ ಬಲದಿಂದ ತಿರುಗುತ್ತಿದ್ದವು. ಆ ಉಗಿಗಾಗಿ ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಬೆಂಕಿ ನೋಡಿಕೊಳ್ಳುವ ಕೆಲಸ ನನ್ನ ಗಂಡನದು. ಅವರ ಬೆಂಕಿಯ ಹೊಗೆ ಉದ್ದನೆಯ ಇಟ್ಟಿಗೆ ಚಿಮಣಿಯಿಂದ ಹೊರಬಿದ್ದು ಊರ ಮೇಲೆ ತೇಲಿ, ಕೊನೆಗೆ ಮಸಿಯಾಗಿ ನಮ್ಮ ಮಾಳಿಗೆಗೇ ಇಳಿಯುತ್ತಿತ್ತು. ಗಂಡ ಮುಂಜಾನೆ ಮನೆಯಿಂದ ಹೋಗುತ್ತಿದ್ದರು, ಅವರ ಕೆಲಸ ಮಧ್ಯಾಹ್ನದ ಹೊತ್ತಿಗೆ ಮನೆಗೆ ವಾಪಸು ಬರುತ್ತಿತ್ತು.

ಜಿನ್ನು ಜೋರಾಗಿ ನಡೆಯುವುದೂ ಬೇಸಿಗೆಯಲ್ಲೇ, ಸಂಡಿಗೆ ಹಾಕುವುದೂ ಬೇಸಿಗೆಯಲ್ಲೇ. ಒಂದು ದಿನ ಅತ್ತೆ ಮಾಳಿಗೆಗೆ ಹೋಗಿ ನೋಡಿದರೆ, ಬೆಳ್ಳಗೆ ಇಟ್ಟು ಬಂದ ಸಂಡಿಗೆಗೆಲ್ಲ ಎಳ್ಳು ಉದುರಿಸಿದಂತೆ ಮಸಿ. ಅವರು ಯಾರಿಗೂ ಒಂದು ಮಾತು ಹೇಳಲಿಲ್ಲ. ತಾಟಿನ ತುಂಬ ಆ ಸಂಡಿಗೆ ತುಂಬಿಕೊಂಡು, ಸೆರಗು ಹೊದ್ದು, ಸೀದಾ ತಾಲೂಕು ಕಚೇರಿಗೆ ಹೋಗಿ ಅಲ್ಲಿಯ ಅಧಿಕಾರಿಯ ಮೇಜಿನ ಮೇಲೆ ಇಟ್ಟರಂತೆ. "ತಿಂದು ನೋಡ್ರಿ, ಸಾಹೇಬ್ರ," ಅಂದರಂತೆ.

ಸಂಜೆ ನಮ್ಮ ಇವರು ಮನೆಗೆ ಬಂದು ಸುದ್ದಿ ಕೇಳಿ ಹಣೆ ಹಣೆ ಬಡಿದುಕೊಂಡರು.

"ಯವ್ವಾ, ಆ ಚಿಮಣಿ ಕೆಳಗ ಬೆಂಕಿ ಹಾಕಾಂವ ನಾನ ಅಲ್ಲೇನು?"

"ನಾ ಚಿಮಣಿ ಮ್ಯಾಲ ತಕರಾರ ಹೇಳೀನಿ. ನಿನ್ನ ಹೆಸರೆಲ್ಲಿ ತಗದೀನಿ?"

"ಚಿಮಣಿ ತಾನ ಹೊಗಿ ಮಾಡ್ತೈತೇನು?"

"ಮತ್ತ ನೀ ಯಾಕ ಮಾಡ್ತೀ?"

ಕಚೇರಿಯವರು ಮರೆತಾರು ಎಂದು ಇವರು ಸಮಾಧಾನ ಮಾಡಿಕೊಂಡರು. ನಾನು ಮಾತ್ರ ಅಂದಿನಿಂದ ಬಾಗಿಲ ಸಪ್ಪಳವಾದರೆ ಸಾಕು, ಸರಕಾರ ಬಂತೆಂದು ಎದ್ದು ನಿಲ್ಲುತ್ತಿದ್ದೆ. ಎರಡು ಸಲ ಮೊಸರಿನವಳಿಗೆ ಎದ್ದು ನಿಂತೆ.

ಸರಕಾರ ಬಂದೇ ಬಂತು. ಜಿನ್ನಿನ ಸಾವ್ಕಾರರಿಗೆ ಮೊದಲೇ ಸುದ್ದಿ ತಲುಪಿತ್ತು: ಚಿಮಣಿ ನೋಡಲು ಸಾಹೇಬರು ಬರುತ್ತಾರೆ. ಯಾಕೆ ಬರುತ್ತಾರೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದ ಇವರು, ತಕರಾರು ತಮ್ಮದೇ ಮನೆಯದಾದ್ದರಿಂದ, ಬಾಯಿ ಬಿಡುವಂತಿರಲಿಲ್ಲ. ಸಾವ್ಕಾರರು ಇವರನ್ನು ಕರೆದು ಹೇಳಿದರಂತೆ: "ನಮ್ಮ ಜಿನ್ ಎಷ್ಟು ಜೋರೈತಿ ಸಾಹೇಬ್ರಿಗೆ ಕಾಣಬೇಕ ನೋಡು. ಮುಶಿಗೇರಿ ತನಕ ಕಾಣುವಂಥಾ ಹೊಗಿ ಬಿಡು. ಹೊಗಿ ಕಮ್ಮಿ ಬಿತ್ತಂದ್ರ ನಿನ್ನ ಜಾಗಾದಾಗ ಗದಗಿನಾಂವನ್ನ ತಂದು ನಿಲ್ಲಸ್ತೀನಿ."

ಸಾವ್ಕಾರರದು ಹುಚ್ಚುತನವೇನೂ ಅಲ್ಲ. ನಮ್ಮ ಕಡೆ ಹೊಗೆ ಕಂಡರೇ ಮನೆ ನಡೆದಿದೆ ಎಂದು ಅರ್ಥ. ಹಳ್ಳಿಯ ರೈತರು ಮುಂಜಾನೆ ಬಯಲಿಗೆ ಬಂದು ರೋಣದ ಕಡೆ ನೋಡುತ್ತಿದ್ದರು. ಆಕಾಶದಲ್ಲಿ ಕರಿ ಗೀಟು ಎದ್ದಿದ್ದರೆ ಜಿನ್ನು ಚಾಲೂ ಎಂದು ಬಂಡಿ ಹೂಡುತ್ತಿದ್ದರು. ಹೊಗೆಯೇ ಜಿನ್ನಿನ ಡಂಗುರ. ಬಂದ ಸಾಹೇಬರಿಗೆ ಡಂಗುರ ಸಣ್ಣದಾಗಿ ಬಾರಿಸುವುದುಂಟೆ?

ಹೀಗಾಗಿ ನನ್ನ ಚಿಂತೆಗೆ ಆ ರಾತ್ರಿ ಎರಡು ದಾರಿ ಸಿಕ್ಕವು. ಹೊಗೆ ಹೆಚ್ಚಾದರೆ ಸಾಹೇಬರು ನೌಕರಿ ಕಳೆಯುತ್ತಾರೆ, ಕಡಿಮೆಯಾದರೆ ಸಾವ್ಕಾರರು. ಎರಡರಲ್ಲಿ ಯಾವುದಾದರೂ ನರಗುಂದದ ತವರುಮನೆಗೆ ಗಂಡನನ್ನೂ ಕರೆದುಕೊಂಡು ಹೋಗುವುದು ತಪ್ಪದು ಎಂದುಕೊಂಡು, ಅಲ್ಲಿ ನಮಗೆ ಯಾವ ಕೋಣೆ ಕೊಟ್ಟಾರು ಎಂಬಲ್ಲಿಗೆ ಮುಟ್ಟಿದ್ದೆ.

ಸಾಹೇಬರು ಮುಂಜಾನೆಯ ಬಸ್ಸಿಗೆ ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಕಂಕುಳಲ್ಲಿ ಸುರುಳಿ ಸುತ್ತಿದ ದಪ್ಪ ಕಾಗದ. ಜಿನ್ನಿಗೆ ಹೋಗುವ ಬದಲು ಓಣಿ ಓಣಿ ತಿರುಗಿ, ಸೂರ್ಯ ಎಲ್ಲಿದ್ದಾನೆ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುತ್ತ ಕೊನೆಗೆ ನಮ್ಮ ಬಾಗಿಲಿಗೆ ನಿಂತರು.

"ಅಕ್ಕಾರ, ನಿಮ್ಮ ಮಾಳಿಗಿ ಮ್ಯಾಲ ಸ್ವಲ್ಪ ನಿಂದ್ರಬೇಕಾಗೇದ. ಬಿಸಲು ಬೆನ್ನಿಗಿರಬೇಕು, ಹೊಗಿ ಅಡ್ಡಕ್ಕ ಹೋಗಬೇಕು. ಇಲ್ಲಿಂದ ಛಲೋ ಕಾಣಸ್ತದ."

ತಕರಾರು ಕೊಟ್ಟ ಮನೆ ಇದೇ ಎಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಹೇಳಲೂ ಇಲ್ಲ. ನಿಚ್ಚಣಿಕೆ ತೋರಿಸಿ ನನಗೆ, "ನೀನೂ ಹೋಗು, ಏನ್ ಬೇಕು ಕೇಳು," ಅಂದರು.

ನಮ್ಮ ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲಿಂದ ಮೇಲೇ ಹತ್ತು ಮನೆ ದಾಟಬಹುದಿತ್ತು. ಸಾಹೇಬರು ಸುರುಳಿ ಬಿಚ್ಚಿದರು. ಒಳಗೆ ನಾಲ್ಕು ಚೌಕ. ಪ್ರತಿಯೊಂದರಲ್ಲೂ ಬಿಳಿಯ ಮೇಲೆ ಕರಿ ಗೀಟು, ಉದ್ದ ಅಡ್ಡ ಎಳೆದವು. ಮೊದಲನೆಯದರಲ್ಲಿ ಗೀಟು ತೆಳು, ನಾಲ್ಕನೆಯದರಲ್ಲಿ ದಪ್ಪಗಾಗಿ ಬಿಳಿ ಎಂಬುದು ಸಾಸಿವೆಯಷ್ಟು ಉಳಿದಿತ್ತು. ಗಜೇಂದ್ರಗಡದ ನೇಕಾರರ ಸೀರೆಯ ಚೌಕಡಿಯಂತೆ ಕಂಡಿತೇ ಹೊರತು ಇದರಲ್ಲಿ ಹೊಗೆ ಅಳೆಯುವಂಥದ್ದೇನೂ ನನಗೆ ಕಾಣಲಿಲ್ಲ. ಇಷ್ಟಕ್ಕಾಗಿ ಬಸ್ಸಿನಲ್ಲಿ ಬಂದರೇ ಅನ್ನಿಸಿತು.

"ಇದನ್ನ ಆ ಕಡೀ ಮಾಳಿಗಿ ಮ್ಯಾಲಿನ ಗ್ವಾಡಿಗೆ ತೂಗ ಹಾಕ್ತೀರೇನು?" ಎಂದರು. ನಾನು ನಾಲ್ಕು ಮನೆ ದಾಟಿ ಹೋಗಿ ಗೋಡೆಯ ಗೂಟಕ್ಕೆ ಕಾಗದ ತೂಗುಹಾಕಿ ಹಿಂದಿರುಗಿದೆ. ತಿರುಗಿ ನೋಡಿದೆ.

ಗೀಟುಗಳಿರಲಿಲ್ಲ.

ನಾನೇ ಕೈಯಾರೆ ಹಿಡಿದಿದ್ದ ಗೀಟುಗಳು. ಅವುಗಳ ಜಾಗದಲ್ಲಿ ನಾಲ್ಕು ಬೂದಿ ಬಣ್ಣಗಳು ನಿಂತಿದ್ದವು. ಒಂದು ತಿಳಿ ಮೋಡದ್ದು, ಇನ್ನೊಂದು ಒಲೆಯ ಬೂದಿಯದು, ಮೂರನೆಯದು ಎಮ್ಮೆಯ ಮೈಯದು, ನಾಲ್ಕನೆಯದು ಹೆಚ್ಚೂಕಡಿಮೆ ಕಾಡಿಗೆ. ನಾನು ಕಣ್ಣು ಉಜ್ಜಿಕೊಂಡೆ. ಮತ್ತೆ ಎರಡು ಮಾಳಿಗೆ ಮುಂದೆ ಹೋದೆ, ಗೀಟು ಬಂದವು. ಹಿಂದೆ ಬಂದೆ, ಗೀಟು ಕರಗಿದವು. ಹೀಗೆ ನಾನು ಸೆರಗು ಹಿಡಿದುಕೊಂಡು ಮುಂದಕ್ಕೂ ಹಿಂದಕ್ಕೂ ಹೋಗಿ ಬರುತ್ತಿದ್ದುದನ್ನು ಸಾಹೇಬರು ನೋಡಿ ನಕ್ಕರು.

"ನಾನೂ ಮೊದಲನೇ ಸಲ ಹಿಂಗ ಮಾಡಿದ್ದೆ," ಎಂದರು. "ಕಣ್ಣಿಗೆ ದೂರ ಆದ್ರ ಕರೀದೂ ಬಿಳೀದೂ ಕೂಡಿ ಬೂದಿ ಆಗ್ತದ. ಈಗ ಹೊಗಿ ನೋಡ್ರಿ, ಆಮ್ಯಾಲ ಕಾಗದ ನೋಡ್ರಿ. ಯಾವ ಚೌಕಕ್ಕ ಕೂಡ್ತದ?"

ದಿನವೂ ಕಾಣುವ ಹೊಗೆಯನ್ನು ನಾನು ಅಂದೇ ಮೊದಲ ಸಲ ನೋಡಿದೆ. ಅದು ಚಿಮಣಿಯ ಬಾಯಿಯಿಂದ ಹೊರಳಿ ಹೊರಳಿ ಬರುತ್ತಿತ್ತು, ಒಳಗಿನಿಂದ ಯಾರೋ ಕರಿ ಕಂಬಳಿ ದಬ್ಬುತ್ತಿರುವಂತೆ. ಅಂಥದ್ದೊಂದು ದೊಡ್ಡದು, ಹಿಡಿತಕ್ಕೆ ಸಿಗದ್ದು, ನಾಲ್ಕು ಚೌಕದ ಕಾಗದಕ್ಕೆ ಉತ್ತರ ಕೊಡಬೇಕಾಗಿತ್ತು. ಹೊಗೆ ನೋಡಿದೆ, ಕಾಗದ ನೋಡಿದೆ. ನಾಲ್ಕನೆಯದು. ಸಂಶಯವೇ ಇಲ್ಲ. ಸಾಹೇಬರು ಗಡಿಯಾರ ನೋಡುತ್ತ, ಮತ್ತೆ ಮತ್ತೆ ಕಣ್ಣೆತ್ತಿ, ಪ್ರತಿ ಸಲವೂ 'ನಾಕು' ಎಂದು ತಮ್ಮಷ್ಟಕ್ಕೇ ಹೇಳಿ ಬರೆದುಕೊಂಡರು. ಆ 'ನಾಕು' ಎಂಬುದು ನನ್ನ ಗಂಡನ ಬೆನ್ನ ಮೇಲೆ ಬೀಳುತ್ತಿದೆ ಎಂದು ಹೊಳೆದದ್ದು ಆಮೇಲೆ. ಬೆರಗಿನಲ್ಲಿ ಚಿಂತೆ ಮಾಡುವುದನ್ನೇ ಮರೆತಿದ್ದೆ. ನನ್ನ ಆಯುಷ್ಯದಲ್ಲಿ ಅಂಥದ್ದು ಅಪರೂಪ.

ಅತ್ತೆ ನೀರಿನ ತಂಬಿಗೆ ಹಿಡಿದು ಮೇಲೆ ಬಂದರು. ಸಾಹೇಬರು ಹೇಳಿದರು: "ಬೆಂಕಿ ಹಚ್ಚುವಾಗ ಸ್ವಲ್ಪ ಹೊತ್ತು ಕರೀ ಹೊಗಿ ಬಂದ್ರ ಮಾಫಿ ಅದ. ಇದು ಹಂಗಲ್ಲ. ಉಂಡು ಬಂದು ಮಧ್ಯಾಹ್ನ ಮತ್ತೊಮ್ಮೆ ನೋಡ್ತೀನಿ. ಹಿಂಗ ಇದ್ರ ಬಾಯ್ಲರ್ ಬಂದ್ ಮಾಡ್ಸಬೇಕಾಗ್ತದ."

"ಬಂದ್ ಮಾಡಿದ್ರ ನನ್ನ ಮಗಾ ಏನ್ ಮಾಡ್ಬೇಕ್ರಿ?"

"ನಿಮ್ಮ ಮಗಾ ಎಲ್ಲಿದ್ದಾನ್ರಿ?"

ಅತ್ತೆ ಚಿಮಣಿಯ ಬುಡಕ್ಕೆ ಕೈ ತೋರಿಸಿದರು. "ಕಚೇರಿಗೆ ಸಂಡಿಗಿ ಒಯ್ದು ತಕರಾರ ಹೇಳಿದಾಕಿನೂ ನಾನ," ಎಂದರು.

ಸಾಹೇಬರು ಚಿಮಣಿ ನೋಡಿದರು, ಅತ್ತೆಯನ್ನು ನೋಡಿದರು. "ಅಂದ್ರ ತಕರಾರ ತಾಯೀದು, ಬೆಂಕಿ ಮಗಂದು?"

"ಹೌದ್ರಿ, ಯಪ್ಪಾ. ಮನಿ ಒಂದ, ಒಲಿ ಎರಡು."

ಸಾಹೇಬರು ಊಟಕ್ಕೆಂದು ಖಾನಾವಳಿಗೆ ಹೋದರು. ನಾನು ಎಂದಿನಂತೆ ಇವರ ಬುತ್ತಿ ಕಟ್ಟಿದೆ. ಎಂದೂ ಜಿನ್ನಿನ ಹೊಸ್ತಿಲು ತುಳಿಯದ ಅತ್ತೆ ಅಂದು ನನಗಿಂತ ಮುಂದೆ ನಡೆದರು.

ಬಾಯ್ಲರ್ ಕೋಣೆಯಲ್ಲಿ ಸಾವ್ಕಾರರು ತಾವೇ ನಿಂತಿದ್ದರು. ಇವರು ಬೆವರಿ ಒದ್ದೆಯಾಗಿ, ಸಲಿಕೆಯ ಮೇಲೆ ಸಲಿಕೆ ಕಲ್ಲಿದ್ದಲು ಒಟ್ಟುತ್ತಿದ್ದರು. ಅತ್ತೆ ಯಾವ ಪೀಠಿಕೆಯೂ ಇಲ್ಲದೆ ಹೇಳಿದರು:

"ಸಾವ್ಕಾರ್ರ, ಸಾಹೇಬ ನಿಮ್ಮ ಹೊಗಿ ಎಷ್ಟು ಕರ್ರಗೈತಿ ಅಂತ ಅಳಿಯಾಕ ಬಂದಾನ. ಹಿಂಗ ಬಿಟ್ರ ಜಿನ್ ಬಂದ್ ಮಾಡ್ತಾನಂತ."

"ಏನ್ ಮಾತಬೇ ಇದು? ಹೊಗಿ ಜೋರ್ ಇದ್ರ ಜಿನ್ನಿಗೆ ಮರ್ಯಾದಿ!"

"ಒಲಿ ತುಂಬ ಹೊಗಿ ಎಬ್ಬಿಸಿದ ಸೊಸಿಗೆ ಯಾರರ ಶಾಬಾಸ್ ಅಂದಾರೇನ್ರಿ? ಉರಿ ಹಚ್ಚಾಕ ಬರೂದಿಲ್ಲ ಅಂತಾರ."

ಉದಾಹರಣೆಗೆ ಅವರು ನನ್ನ ಕಡೆ ಕೈ ಮಾಡಿದ್ದು ಬೇಕಾಗಿರಲಿಲ್ಲ. ಸಾವ್ಕಾರರು ಬಾಗಿಲಾಚೆ ನಿಂತ ಬಂಡಿಗಳ ಕಡೆ ನೋಡಿದರು.

"ಹೊಗಿ ಕಾಣ್ದಿದ್ರ ಹಳ್ಳಿಯಾವ್ರು ಬಂಡಿ ಹೂಡೂದ ಬಿಡ್ತಾರಲ್ಲ?"

"ಸೀಟಿ ಐತಲ್ರಿ, ಊದಸ್ರಿ. ಕಣ್ಣಿಲ್ಲದಾವ್ರಿಗೂ ಕೇಳಸ್ತೈತಿ."

ಸಾವ್ಕಾರರು ಇವರ ಮುಖ ನೋಡಿದರು. "ಹೊಗಿ ಇಲ್ದ ಉಗಿ ಎಬ್ಬಸ್ತೀ ಏನೋ?"

"ಹುಕುಮ್ ಕೊಟ್ರ ನೋಡ್ತೀನ್ರಿ. ಖರೇ ಹೇಳಬೇಕಂದ್ರ, ಪೂರ್ತಿ ಇಲ್ಲದಂಗ ಎಂದೂ ಮಾಡಿಲ್ಲ." ಸಾವ್ಕಾರರು ಹೂಂ ಎಂದರೂ ಇವರು ತುಂಬಿದ ಸಲಿಕೆಯನ್ನು ಒಲೆಗೂ ಹಾಕದೆ ಕೆಳಗೂ ಇಡದೆ ನಿಂತರು. ಚಿಂತೆಯಲ್ಲಿ ನನಗೆ ಜೊತೆಯಿದೆ ಎಂದು ಆಗ ಗೊತ್ತಾಯಿತು.

ಮಧ್ಯಾಹ್ನ ಬಿಸಿಲು ಪಡುವಣಕ್ಕೆ ವಾಲಿತ್ತು. ಸಾಹೇಬರು ನಿಲ್ಲುವ ಜಾಗವನ್ನೂ ಕಾಗದದ ಗೋಡೆಯನ್ನೂ ಬದಲಿಸಿದರು. ಹೊಗೆ ಇನ್ನೂ ಕಪ್ಪಗೇ ಇತ್ತು. ಮುಂಜಾನೆ ಒಟ್ಟಿದ್ದು ಉರಿದು ಮುಗಿಯಬೇಕಲ್ಲ. ಕೆಳಗೆ ಇವರು ಏನು ಮಾಡುತ್ತಿದ್ದರೆಂದು ಆಮೇಲೆ ಹೇಳಿದರು: ಒಲೆಯ ಒಂದು ಬದಿಗೆ ಮಾತ್ರ ತೆಳ್ಳಗೆ ಇದ್ದಲು ಹರಡುವುದು, ಅದು ನಿಗಿನಿಗಿ ಕೆಂಡವಾಗುವ ತನಕ ಕಾಯುವುದು, ಆಮೇಲೆ ಇನ್ನೊಂದು ಬದಿಗೆ. ಒಂದು ಬದಿಯ ಹೊಗೆಯನ್ನು ಇನ್ನೊಂದು ಬದಿಯ ಉರಿ ತಿಂದುಬಿಡಬೇಕು.

ಮೂರನೆಯ ಚೌಕ. ಬಹಳ ಹೊತ್ತು ಮೂರರಲ್ಲೇ ನಿಂತಿತು. ಆಮೇಲೆ ಎರಡು. ಹೊಗೆಯ ಅಂಚು ಹರಿದು, ಹಿಂದಿನ ಆಕಾಶ ಒಂದೊಂದೇ ಎಳೆಯಾಗಿ ಕಾಣತೊಡಗಿತು. ಸಾಹೇಬರು 'ಒಂದು' ಎಂದರು. ಮತ್ತೆ ಕಣ್ಣೆತ್ತಿದವರು ಸೊನ್ನೆ ಬರೆದುಕೊಂಡರು.

ಚಿಮಣಿಯ ಬಾಯಿ ಬರಿದಾಗಿತ್ತು. ಜಿನ್ನಿನ ಸದ್ದು ಮಾತ್ರ ಹಾಗೇ ಇತ್ತು; ಯಂತ್ರಗಳು ತಿರುಗುತ್ತಿದ್ದವು, ಕೆಳಗೆ ಬೆಂಕಿ ಉರಿಯುತ್ತಿತ್ತು. ಮೇಲೆ ಗಾಳಿ ಮಾತ್ರ ನೀರಿನಂತೆ ನಡುಗುತ್ತಿತ್ತು. ಆ ನಡುಕದೊಳಗಿಂದ ದೂರದ ಎರೆಹೊಲ, ಅದರ ಮೇಲೆ ಸುತ್ತುವ ಒಂದು ಹದ್ದು, ಎಲ್ಲವೂ ತೂಗಾಡಿದವು. ನಾನು ಬಂದಂದಿನಿಂದ ಆ ದಿಕ್ಕಿಗೆ ಆಕಾಶವೇ ಇರಲಿಲ್ಲ. ನನಗೆ ಕೈ ಮುಗಿಯಬೇಕೆನ್ನಿಸಿತು. ಯಾವುದಕ್ಕೆ ಎಂದು ತಿಳಿಯದೆ ಸೆರಗು ಸರಿಮಾಡಿಕೊಂಡೆ.

"ಏನೂ ಇಲ್ಲಲ್ರಿ ಈಗ!" ಎಂದೆ.

"ಇಲ್ಲ ಅಂತಲ್ಲ, ಕಾಣೂದಿಲ್ಲ," ಎಂದರು ಸಾಹೇಬರು, ಕನ್ನಡಕ ಒರೆಸುತ್ತ. "ಏನೇನೋ ಹೊಂಟಿರ್ತದ. ನನ್ನ ಕಾಗದಕ್ಕ ಕಣ್ಣಿಗೆ ಕಾಣೂದಷ್ಟ ಅಳಿಯಾಕ ಬರ್ತದ." ಆ ಮಾತು ನನ್ನೊಳಗೆ ಇಂದಿಗೂ ಕೂತಿದೆ. ಕಾಣದ್ದನ್ನೂ ಅಳೆಯುವ ಕಾಗದ ಬಂದರೆ ನಾವೆಲ್ಲ ಏನಾಗುತ್ತೇವೋ ಎಂಬ ಚಿಂತೆಯೂ ಅದರ ಪಕ್ಕದಲ್ಲೇ ಕೂತಿದೆ.

ಸಾಹೇಬರು ಹೇಳಿ ಕಳಿಸಿದ್ದರಿಂದ ಸಾವ್ಕಾರರು ನಮ್ಮ ಅಂಗಳಕ್ಕೆ ಬಂದರು. ಇವರು ಬೆಂಕಿಯನ್ನು ಜೊತೆಯವನಿಗೆ ಒಪ್ಪಿಸಿ ಹಿಂದೆಯೇ ಬಂದರು. ಸಾಹೇಬರು ಮೇಲಿನಿಂದಲೇ ಬಗ್ಗಿ ಕೇಳಿದರು: "ಮುಂಜಾನೆದ್ದೂ ಬರದೀನಿ, ಈಗಿಂದೂ ಬರದೀನಿ. ಒಂದ ಬಾಯ್ಲರಿಗೆ ಎರಡು ನಮೂನಿ ಹೊಗಿ ಹ್ಯಾಂಗ್ರಿ?"

ಇವರು ಬಾಯಿ ತೆರೆದರು. ಮಾತು ಬರುವ ಮೊದಲೇ ಸಾವ್ಕಾರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಮುಂಜಾನೆದು ನನ್ನ ಹುಕುಮ್ ರೀ. ಈಗಿಂದು ಇವನ ಕೈಗುಣ. ಬರಕೋರಿ, ಇನ್ನ ಮ್ಯಾಲ ಇವಾ ಹೇಳಿದಂಗ ಬೆಂಕಿ."

ಅತ್ತೆ ಕಂಬಕ್ಕೆ ಆತು ಕೂತುಬಿಟ್ಟರು. ಸಾಹೇಬರು ಬರೆದುಕೊಂಡು, ಇವರನ್ನು ಮೇಲಕ್ಕೆ ಕರೆದರು: "ಬರ್ರಿ, ನಿಮ್ಮ ಕೆಲಸ ನೀವ ಒಮ್ಮೆ ನೋಡ್ರಿ."

ಬೆಂಕಿಯ ಬಾಯಲ್ಲಿ ಅಷ್ಟು ವರ್ಷ ಕಳೆದರೂ, ಒಳಗೆ ಉರಿ ಇರುವಾಗ ಚಿಮಣಿಯ ತುದಿಯನ್ನು ಇವರು ಹೊರಗೆ ನಿಂತು ನೋಡಿದ್ದೇ ಕಡಿಮೆ. ನಿಚ್ಚಣಿಕೆ ಏರಿ, ಮಸಿಯ ಮುಖ ಎತ್ತಿ ನೋಡಿದರು. ಬರಿ ಆಕಾಶ.

"ಅಯ್ಯೋ, ಬೆಂಕಿ ಆರೇತ್ರೀ!" ಎಂದು ನಿಚ್ಚಣಿಕೆಯ ಕಡೆ ಓಡಿದರು.

"ನಿಂದ್ರಿ, ಕಿವಿ ಕೊಟ್ಟು ಕೇಳ್ರಿ," ಎಂದೆ. ಅಪರಿಚಿತರೆದುರು ಗಂಡನಿಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಇವರು ನಿಂತರು. ಜಿನ್ನು ಗರಗರ ನಡೆದೇ ಇತ್ತು. ನಿಧಾನವಾಗಿ ತಿರುಗಿ, ನಡುಗುವ ಆ ಗಾಳಿಯನ್ನು ಕಂಡರು. ಕಂಡು, ಅಲ್ಲೇ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತರು. ಸಾಹೇಬರು ತಮ್ಮ ಕಾಗದ ಸುತ್ತಿಕೊಂಡು ಇಳಿದು ಹೋದರು, ಬಸ್ಸೂ ಹೋಯಿತು. ಇವರು ಕೂತೇ ಇದ್ದರು. ನಾನು ಪಕ್ಕದಲ್ಲಿ ನಿಂತು, ಹೀಗೆ ಕೂತರೆ ಅಲ್ಲಿ ಬೆಂಕಿ ನೋಡುವುದು ಜೊತೆಯವನೊಬ್ಬನಿಂದ ಆದೀತೆ ಎಂದು ಚಿಂತೆ ಮಾಡುತ್ತ, ಏಳಿರೆಂದು ಮಾತ್ರ ಹೇಳಲಾರದೆ ಹೋದೆ.